ದಿನಕ್ಕೆ 14 ಗಂಟೆ ಓದಿದರೂ ಕಟ್ ಆಫ್ ದಾಟುತ್ತಿಲ್ಲ, ಇನ್ನೂ ಸಮಯ ಎಲ್ಲಿಂದ ತರಲಿ?

ಪ್ರಶ್ನೆ: ನನಗೆ 27 ವರ್ಷ. ಬಿಎ, ಬಿಎಡ್ ಆಗಿದೆ. ಹಾವೇರಿ ಜಿಲ್ಲೆಯ ಒಂದು ಹಳ್ಳಿ ನಮ್ಮದು. ಮೂರು ವರ್ಷದಿಂದ ಧಾರವಾಡದ ಸಪ್ತಾಪುರದಲ್ಲಿ ರೂಮ್ ಮಾಡಿಕೊಂಡು ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಿದ್ದೇನೆ. ಬೆಳಿಗ್ಗೆ 5ಕ್ಕೆ ಎದ್ದರೆ ರಾತ್ರಿ 12ರ ತನಕ ಓದು. ಊಟ, ಸ್ನಾನಕ್ಕೆ ಬಿಟ್ಟರೆ ಲೈಬ್ರರಿ ಸೀಟ್‌ನಿಂದ ಏಳುವುದಿಲ್ಲ. ಅರ್ಧರ್ಧ ಗಂಟೆಗೆ ಟೈಮ್ ಟೇಬಲ್ ಹಾಕಿಕೊಂಡಿದ್ದೇನೆ. ನೋಟ್ಸ್ ಬರೆದು ಬರೆದು ಟ್ರಂಕ್ ತುಂಬಿದೆ. ಆದರೂ ಕೆಎಎಸ್ ಪ್ರಿಲಿಮ್ಸ್ (ಪೂರ್ವಭಾವಿ ಪರೀಕ್ಷೆ) ಎರಡು ಸಲ ಹೋಯಿತು, ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕರ ಹುದ್ದೆ) ಸ್ವಲ್ಪದರಲ್ಲಿ ತಪ್ಪಿತು. ನನಗಿಂತ ಕಡಿಮೆ ಓದುತ್ತಿದ್ದ ರೂಮ್‌ಮೇಟ್ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಆದಳು. ಮನೆಯಲ್ಲಿ ಅಪ್ಪ ಏನೂ ಅನ್ನುವುದಿಲ್ಲ, ಅದೇ ಜಾಸ್ತಿ ಭಾರ. ಒಂದು ದಿನ ಓದು ತಪ್ಪಿದರೆ ಏನೋ ಪಾಪ ಮಾಡಿದ ಹಾಗೆ ಆಗುತ್ತದೆ. ಈಗ ನಮ್ಮ ತಾಲ್ಲೂಕಿನ ಸರ್ಕಾರಿ ಹೈಸ್ಕೂಲಿನಲ್ಲಿ ಅತಿಥಿ ಶಿಕ್ಷಕಿ ಕೆಲಸ ಸಿಗುವ ಹಾಗಿದೆ, ತಿಂಗಳ ಕೊನೆಯೊಳಗೆ ಹೇಳಬೇಕು. ಹೋದರೆ ಓದುವುದಕ್ಕೆ ಟೈಮ್ ಎಲ್ಲಿರುತ್ತದೆ? ನನಗೆ ಬುದ್ಧಿಯೇ ಕಡಿಮೆಯಾ, ಇಲ್ಲಾ ಇನ್ನೂ ಎರಡು ಗಂಟೆ ಜಾಸ್ತಿ ಓದಬೇಕಾ? ಟೈಮ್ ಟೇಬಲ್ ಫೋಟೊ ಕಳಿಸಿದ್ದೇನೆ.

ಉತ್ತರ: ಫೋಟೊ ಕಳಿಸಿದ್ದು ಒಳ್ಳೆಯದಾಯಿತು. ನಾನು ಪತ್ರಕ್ಕಿಂತ ಆ ಟೈಮ್ ಟೇಬಲನ್ನೇ ಜಾಸ್ತಿ ಹೊತ್ತು ನೋಡಿದೆ.

ಮೊದಲು ಬುದ್ಧಿಯ ಮಾತು ಮುಗಿಸಿಬಿಡೋಣ. ಎಫ್‌ಡಿಎಯಲ್ಲಿ ಕಟ್ ಆಫ್ ಹತ್ತಿರದ ತನಕ ಹೋದವರಿಗೆ ಬುದ್ಧಿ ಕಡಿಮೆ ಇರುವುದಿಲ್ಲ. ಇನ್ನೂ ಎರಡು ಗಂಟೆ ಸೇರಿಸುವ ಯೋಚನೆಯನ್ನೂ ಬಿಡಿ, ಅದರಿಂದ ಅಂಕ ಹೆಚ್ಚುವ ಬದಲು ಇಳಿಯುವ ಸಾಧ್ಯತೆಯೇ ಜಾಸ್ತಿ. ನಿಮ್ಮ ಚಿಂತೆ ನನಗೆ ಅರ್ಥವಾದದ್ದು ಹೀಗೆ: ಮೂರು ವರ್ಷ ಒಂದು ಗಳಿಗೆಯನ್ನೂ ಸುಮ್ನೆ ಕಳೆದಿಲ್ಲ, ಹಾಗಾದರೆ ಅಷ್ಟೆಲ್ಲ ಸಮಯ ಎಲ್ಲಿ ಹೋಯಿತು? ಸಮಯ ಎಲ್ಲಿ ಹೋಯಿತು ಅಂತ ನಿಮ್ಮ ಟೈಮ್ ಟೇಬಲ್ ಸರಿಯಾಗಿಯೇ ಹೇಳುತ್ತದೆ.

ಬೆಳಿಗ್ಗೆ ಇತಿಹಾಸ. ತಿಂಡಿ ಆದಮೇಲೆ ಎರಡು ದಿನಪತ್ರಿಕೆ. ಆಮೇಲೆ ಸಂವಿಧಾನ. ಮಧ್ಯಾಹ್ನ ಕೋಚಿಂಗ್ ನೋಟ್ಸ್ ನೀಟಾಗಿ ಮತ್ತೆ ಬರೆಯುವುದು. ಸಂಜೆ ಟೆಲಿಗ್ರಾಂನಲ್ಲಿ ಬಂದ ಪಿಡಿಎಫ್. ರಾತ್ರಿ ಕರ್ನಾಟಕ ಇತಿಹಾಸ, ಅದರ ಮೇಲೆ ‘ರಿವಿಶನ್’. ಮೆಂಟಲ್ ಎಬಿಲಿಟಿ (ಲೆಕ್ಕ, ತರ್ಕದ ಪ್ರಶ್ನೆಗಳು) ಮಾತ್ರ ಭಾನುವಾರ ಸಂಜೆ, ಅದರ ಪಕ್ಕದಲ್ಲಿ ನೀವೇ ‘ಟೈಮ್ ಸಿಕ್ಕರೆ’ ಅಂತ ಬರೆದಿದ್ದೀರಿ. ಹಳೆಯ ಪ್ರಶ್ನೆಪತ್ರಿಕೆಯ ಮುಂದೆ ‘ನೋಟಿಫಿಕೇಶನ್ ಆದಮೇಲೆ’ ಅಂತ ಇದೆ.

ಇದರ ಪಕ್ಕದಲ್ಲಿ ಪರೀಕ್ಷೆಯನ್ನು ಇಟ್ಟು ನೋಡಿ. ಕೆಎಎಸ್ ಪ್ರಿಲಿಮ್ಸ್‌ಗೆ ಎರಡು ಪತ್ರಿಕೆ, ಒಂದೊಂದರಲ್ಲಿ 100 ಪ್ರಶ್ನೆ, 200 ಅಂಕ. ಒಟ್ಟು 400. ಎರಡನೇ ಪತ್ರಿಕೆಯಲ್ಲಿ ಮೆಂಟಲ್ ಎಬಿಲಿಟಿಗೆ 30 ಪ್ರಶ್ನೆ, ಅಂದರೆ 60 ಅಂಕ. ಇಡೀ ಪ್ರಿಲಿಮ್ಸ್‌ನ ನೂರಕ್ಕೆ 15 ಭಾಗ! ಅದರ ಮಟ್ಟ ಎಸ್ಸೆಸ್ಸೆಲ್ಸಿಯದು. ವಿಜ್ಞಾನ, ಪರಿಸರಕ್ಕೆ ಇನ್ನೊಂದು 60. ಈ 120 ಅಂಕಕ್ಕೆ ನೀವು ವಾರದಲ್ಲಿ ಕೊಡುತ್ತಿರುವ ಹೊತ್ತು ದಿನಪತ್ರಿಕೆಗೆ ಒಂದೇ ದಿನ ಕೊಡುವಷ್ಟೂ ಇಲ್ಲ. ಪ್ರಚಲಿತ ವಿದ್ಯಮಾನ ಪ್ರತಿ ಪರೀಕ್ಷೆಗೂ ಹೊಸದು, ಹೋದ ವರ್ಷದ್ದು ಹಳತಾಗಿಬಿಡುತ್ತದೆ. ಶೇಕಡಾವಾರು, ಕಾಲ ಮತ್ತು ಕೆಲಸ, ರಕ್ತಸಂಬಂಧದ ಲೆಕ್ಕ ಹಾಗಲ್ಲ. ಒಂದು ಸಲ ಕೈಗೆ ಬಂದರೆ ಕೆಎಎಸ್‌ಗೂ ಆಯಿತು, ಪೊಲೀಸ್ ನೇಮಕಾತಿಗೂ ಆಯಿತು, ಬ್ಯಾಂಕ್ ಪರೀಕ್ಷೆಗೂ ಆಯಿತು.

ನಿಮಗೆ ಇದೆಲ್ಲ ಗೊತ್ತಿಲ್ಲ ಅಂತ ನಾನು ಅಂದುಕೊಂಡಿಲ್ಲ. ಗೊತ್ತಿದ್ದೂ ಯಾಕೆ ಹೀಗಾಗುತ್ತದೆ? ಆರ್ಟ್ಸ್ ಓದಿದ ಎಷ್ಟೋ ಸ್ಪರ್ಧಾರ್ಥಿಗಳಲ್ಲಿ ನಾನು ನೋಡಿದ್ದು ಇದೇ. ಗೊತ್ತಿರುವ ಪಾಠದ ಮುಂದೆ ಕೂತರೆ ಮನಸ್ಸಿಗೆ ಹಿತ, ಪುಟ ಸರಾಗವಾಗಿ ಮಗುಚುತ್ತವೆ, ಟೈಮ್ ಟೇಬಲ್‌ನಲ್ಲಿ ಟಿಕ್ ಬೀಳುತ್ತದೆ. ಬಾರದ ಲೆಕ್ಕದ ಮುಂದೆ ಕೂತರೆ ಅರ್ಧ ಗಂಟೆಗೆ ಒಂದೂ ಟಿಕ್ ಇಲ್ಲ, ಮೇಲಿಂದ ಏಳನೇ ಕ್ಲಾಸಿನ ಗಣಿತದ ಮೇಷ್ಟ್ರು ನೆನಪಾಗುತ್ತಾರೆ. ಹಾಗಾಗಿ ಕೈ ತಾನಾಗಿ ಇತಿಹಾಸದ ಪುಸ್ತಕದ ಕಡೆ ಹೋಗುತ್ತದೆ. ಇದಕ್ಕೆ ಸೋಮಾರಿತನ ಅನ್ನಲಾಗದು, ದಿನಕ್ಕೆ 14 ಗಂಟೆ ಕೂರುವವರನ್ನು ಸೋಮಾರಿ ಅನ್ನುವವರು ಯಾರು? ಕಷ್ಟದ ಕೆಲಸವನ್ನು ತಪ್ಪಿಸಿಕೊಳ್ಳಲು ಸುಲಭದ ಕೆಲಸವನ್ನೇ ಕಷ್ಟಪಟ್ಟು ಮಾಡುತ್ತಾ ಇರುವುದು, ಅಷ್ಟೆ.

ಇನ್ನು ಕೋಚಿಂಗ್ ಕೇಂದ್ರಗಳಿರುವ ಸಪ್ತಾಪುರದಲ್ಲೂ, ಬೆಂಗಳೂರಿನ ವಿಜಯನಗರದಲ್ಲೂ ಓಡಾಡುವ ಕೆಲವು ನಂಬಿಕೆಗಳ ಬಗ್ಗೆ ಹೇಳಬೇಕು.

‘ಟಾಪರ್‌ಗಳು 16, 18 ಗಂಟೆ ಓದುತ್ತಾರೆ.’ ಕೆಲವರು ಓದಿರಬಹುದು. ಆದರೆ ಅಷ್ಟೇ ಗಂಟೆ ಓದಿ ಆಯ್ಕೆಯಾಗದವರು ಎಷ್ಟೋ ಜನ ಇದ್ದಾರೆ, ಅವರನ್ನು ಯಾರೂ ಸಂದರ್ಶನ ಮಾಡುವುದಿಲ್ಲ. ಗೆದ್ದವರ ಬಾಯಲ್ಲಿ ಬಂದ ಸಂಖ್ಯೆ ಮಾತ್ರ ನಮ್ಮ ಕಿವಿಗೆ ಬೀಳುತ್ತದೆ.

‘ನಿದ್ದೆ ಕಡಿಮೆ ಮಾಡಿದರೆ ಅಷ್ಟು ಸಮಯ ಉಳಿಯಿತು.’ ಹನ್ನೆರಡಕ್ಕೆ ಮಲಗಿ ಐದಕ್ಕೆ ಎದ್ದರೆ ನಿಮಗೆ ಐದೇ ಗಂಟೆ ನಿದ್ದೆ. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2003ರಲ್ಲಿ ಪ್ರಕಟಿಸಿದ ಒಂದು ಪ್ರಯೋಗವನ್ನು ನಾನು ಸ್ಪರ್ಧಾರ್ಥಿಗಳಿಗೆ ಮತ್ತೆ ಮತ್ತೆ ಹೇಳುತ್ತೇನೆ. ಆರೋಗ್ಯವಂತ ವಯಸ್ಕರಿಗೆ 14 ದಿನ, ದಿನಕ್ಕೆ ಆರು ಗಂಟೆ ಅಥವಾ ಅದಕ್ಕಿಂತ ಕಡಿಮೆ ನಿದ್ದೆಗೆ ಮಾತ್ರ ಅವಕಾಶ ಕೊಟ್ಟರು. ಕೊನೆಗೆ ಅವರ ಗಮನ, ನೆನಪು ಎರಡು ರಾತ್ರಿ ಪೂರ್ತಿ ನಿದ್ದೆಗೆಟ್ಟವರ ಮಟ್ಟದ ತನಕ ಇಳಿದಿತ್ತು. ಅದಕ್ಕಿಂತ ಮುಖ್ಯವಾದದ್ದು, ತಮ್ಮ ಸ್ಥಿತಿ ಅಷ್ಟು ಕೆಟ್ಟಿದೆ ಅಂತ ಅವರಿಗೇ ಅನ್ನಿಸಿರಲಿಲ್ಲ. ‘ನನಗೆ ಅಭ್ಯಾಸ ಆಗಿದೆ’ ಅನ್ನುವ ಮಾತನ್ನು ಅದಕ್ಕೇ ನಾನು ನಂಬುವುದಿಲ್ಲ. ಬ್ರಾಹ್ಮೀ ಮುಹೂರ್ತದಲ್ಲೇ ಓದಬೇಕಾ ಅಂತ ತುಂಬಾ ಜನ ಕೇಳುತ್ತಾರೆ. ಹತ್ತಕ್ಕೆ ಮಲಗುವವರು ಐದಕ್ಕೆ ಏಳಲಿ, ಧಾರಾಳವಾಗಿ. ಹನ್ನೆರಡಕ್ಕೆ ಮಲಗುವವರು ಏಳಕ್ಕೆ ಎದ್ದರೆ ಯಾವ ದೇವರೂ ಸಿಟ್ಟಾಗುವುದಿಲ್ಲ.

‘ಎಷ್ಟು ಸಲ ಓದಿದರೆ ಅಷ್ಟು ಗಟ್ಟಿ.’ ಇದರಿಂದ ಆಗುವ ನಷ್ಟ ಎಲ್ಲಕ್ಕಿಂತ ದೊಡ್ಡದು. ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಐಹೊಳೆ ಶಾಸನದ ಕವಿ ರವಿಕೀರ್ತಿ. ಇಮ್ಮಡಿ ಪುಲಕೇಶಿಯ ಕಾಲ, ಕ್ರಿ.ಶ. 634. ಈ ಸಾಲು ಪುಸ್ತಕದಲ್ಲಿ ಕಂಡಾಗ ‘ಹೌದು, ಇದು ಗೊತ್ತು’ ಅಂತ ಮುಂದೆ ಹೋಗುತ್ತೀರಿ. ಐದನೇ ಸಲ ಓದುವಾಗ ಇನ್ನೂ ಬೇಗ ಹೋಗುತ್ತೀರಿ. ಪರೀಕ್ಷೆಯಲ್ಲಿ ಆ ಸಾಲು ಹಾಗೆ ಬರುವುದಿಲ್ಲ. ಒಂದು ಕಡೆ ಐಹೊಳೆ, ತಾಳಗುಂದ, ಅಲಹಾಬಾದ್ ಅಂತ ಇರುತ್ತದೆ. ಇನ್ನೊಂದು ಕಡೆ ಹರಿಷೇಣ, ರವಿಕೀರ್ತಿ, ಕುಬ್ಜ. ಹೊಂದಿಸಿ ಬರೆಯಿರಿ. ಮೂರೂ ಹೆಸರು ಪರಿಚಯದವೇ, ಮೂರೂ ಎಲ್ಲೋ ಓದಿದವೇ. ಯಾವುದು ಯಾವುದಕ್ಕೆ ಅನ್ನುವಲ್ಲಿ ಕೈ ನಡುಗುತ್ತದೆ. ತಾಳಗುಂದಕ್ಕೆ ಕುಬ್ಜ, ಅಲಹಾಬಾದ್ ಸ್ತಂಭಕ್ಕೆ ಹರಿಷೇಣ ಅಂತ ಪುಸ್ತಕ ಮುಚ್ಚಿಟ್ಟು ತಲೆಯಿಂದ ಹೊರಗೆ ತೆಗೆದು ನೋಡಿದವರಿಗೆ ಆ ನಡುಕ ಕಡಿಮೆ. ಬಾವಿ ದಂಡೆಯ ಮೇಲೆ ಕೂತು ಈಜುವವರನ್ನು ಎಷ್ಟು ಬೇಸಿಗೆ ನೋಡಿದರೂ ನಮಗೆ ಈಜು ಬರುವುದಿಲ್ಲ ಅಲ್ವಾ?

ಇದನ್ನು ಅಳೆದೂ ನೋಡಿದ್ದಾರೆ. ರೋಡಿಗರ್ ಮತ್ತು ಕಾರ್ಪಿಕಿ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಒಂದು ಗುಂಪಿನ ವಿದ್ಯಾರ್ಥಿಗಳು ಒಂದು ಪಾಠವನ್ನು ನಾಲ್ಕು ಅವಧಿಯಲ್ಲೂ ಓದಿದರು. ಇನ್ನೊಂದು ಗುಂಪು ಒಂದು ಅವಧಿ ಓದಿ, ಉಳಿದ ಮೂರು ಅವಧಿಯಲ್ಲಿ ಪಾಠ ನೋಡದೆ ನೆನಪಿದ್ದದ್ದನ್ನು ಬರೆಯಿತು. ಐದು ನಿಮಿಷದ ನಂತರ ಕೇಳಿದಾಗ ಓದಿದವರೇ ಮುಂದೆ. ಒಂದು ವಾರ ಬಿಟ್ಟು ಕೇಳಿದರೆ ಓದುತ್ತಲೇ ಇದ್ದವರಿಗೆ ನೆನಪಿದ್ದದ್ದು ಶೇ 40, ನೆನಪಿನಿಂದ ಬರೆದವರಿಗೆ ಶೇ 61. ‘ನಮಗೆ ಚೆನ್ನಾಗಿ ನೆನಪಿರುತ್ತದೆ’ ಅಂತ ಜಾಸ್ತಿ ಧೈರ್ಯದಿಂದ ಹೇಳಿದ್ದವರು ಮಾತ್ರ ಓದಿದ ಗುಂಪಿನವರು! ನಿಮ್ಮ ರಾತ್ರಿಯ ‘ರಿವಿಶನ್’ ಮುಗಿದಾಗ ಸಿಗುವ ಸಮಾಧಾನ ಆ ಐದು ನಿಮಿಷದ ಸಮಾಧಾನ. ಪರೀಕ್ಷೆ ಇರುವುದು ತಿಂಗಳುಗಳ ಆಚೆ.

ನೋಟ್ಸನ್ನು ಮತ್ತೆ ನೀಟಾಗಿ ಬರೆಯುವುದು, ಬಣ್ಣದ ಗೆರೆ ಎಳೆಯುವುದು, ಇವುಗಳ ಫಲವೂ ಕಡಿಮೆಯೇ. ಕಲಿಯುವ ಹತ್ತು ವಿಧಾನಗಳನ್ನು ತೂಗಿ ನೋಡಿ 2013ರಲ್ಲಿ ಬಂದ ಒಂದು ದೊಡ್ಡ ವಿಮರ್ಶೆ, ಗೆರೆ ಎಳೆಯುವುದನ್ನೂ ಮತ್ತೆ ಮತ್ತೆ ಓದುವುದನ್ನೂ ಕೆಳಗಿನ ಸಾಲಿನಲ್ಲಿಟ್ಟಿತು. ಮೇಲಿನ ಸಾಲಿನಲ್ಲಿ ಉಳಿದದ್ದು ಎರಡೇ: ತನಗೆ ತಾನೇ ಪರೀಕ್ಷೆ ಕೊಟ್ಟುಕೊಳ್ಳುವುದು, ಓದನ್ನು ಒಂದೇ ದಿನಕ್ಕೆ ತುಂಬದೆ ದಿನ ಬಿಟ್ಟು ದಿನ ಹಂಚಿಕೊಳ್ಳುವುದು.

ಇಷ್ಟಾದರೂ ನೀವು ನಾಳೆ ಬೆಳಿಗ್ಗೆ ಮತ್ತೆ ಇತಿಹಾಸದ ಪುಸ್ತಕವನ್ನೇ ತೆಗೆಯಬಹುದು. ಯಾಕೆಂದರೆ ಈ ಬಿಡುವಿಲ್ಲದ ಓದು ಪರೀಕ್ಷೆಯ ಜೊತೆಗೆ ಇನ್ನೊಂದು ಕೆಲಸವನ್ನೂ ಮಾಡುತ್ತಿದೆ. ಮನೆಯವರು ದುಡ್ಡು ಕಳಿಸುತ್ತಾರೆ, ನೀವು ಗಂಟೆ ಕಳಿಸುತ್ತೀರಿ. ಅಪ್ಪ ಏನೂ ಕೇಳದಿದ್ದರೂ ನಿಮ್ಮೊಳಗೆ ಒಂದು ಲೆಕ್ಕ ನಡೆದಿದೆ: ಫಲಿತಾಂಶ ಕೊಡಲಾಗಲಿಲ್ಲ, ಕಷ್ಟಪಟ್ಟಿದ್ದನ್ನಾದರೂ ತೋರಿಸಬೇಕು. ಲೈಬ್ರರಿಯಲ್ಲಿ ಕೂತದ್ದು ಎಲ್ಲರಿಗೂ ಕಾಣುತ್ತದೆ. ಒಂದು ಪ್ರಶ್ನೆಪತ್ರಿಕೆ ಬಿಡಿಸಿ 46 ತಪ್ಪು ಮಾಡಿಕೊಂಡು ಎದ್ದು ಬಂದರೆ ಅದು ಓದಿದ ಹಾಗೆಯೇ ಕಾಣುವುದಿಲ್ಲ, ನಿಮಗೂ ಕಾಣುವುದಿಲ್ಲ. ಆದರೆ ಆ ದಿನದ ಓದಿನಲ್ಲಿ ಅದೇ ಹೆಚ್ಚು ಬೆಲೆಯದು.

ಎಲ್ಲದಕ್ಕೂ ನಿಮ್ಮನ್ನೇ ಬೈದುಕೊಳ್ಳಬೇಡಿ ಅಂತಲೂ ಹೇಳಬೇಕು. 384 ಹುದ್ದೆಗಳ ಕೆಎಎಸ್ ಪ್ರಿಲಿಮ್ಸ್ 2024ರ ಆಗಸ್ಟ್ 27ಕ್ಕೆ ನಡೆಯಿತು. ಕನ್ನಡ ಅನುವಾದದ ತಪ್ಪುಗಳ ಮೇಲೆ ಗಲಾಟೆಯಾಗಿ ಡಿಸೆಂಬರ್ 29ಕ್ಕೆ ಮತ್ತೆ ಬರೆಸಿದರು. ಕನ್ನಡ ಮಾಧ್ಯಮದವರಿಗೆ ಇದರಿಂದ ಆದ ನಷ್ಟವನ್ನು ಯಾವ ಟೈಮ್ ಟೇಬಲ್‌ನಿಂದಲೂ ತುಂಬಲಾಗದು. ಅಧಿಸೂಚನೆ ಯಾವಾಗ, ಪರೀಕ್ಷೆ ಯಾವಾಗ ಅನ್ನುವುದು ನಮ್ಮ ಕೈಯಲ್ಲಿಲ್ಲ. ಹಾಗಿರುವಾಗ ಕೊನೆಯ ತಿಂಗಳ ವೇಗದಲ್ಲಿ ಮೂರು ವರ್ಷ ಓಡಲು ಹೋಗುವುದು ಮೈಗೂ ಮನಸ್ಸಿಗೂ ಆಗದ ಕೆಲಸ.

ಹಾಗಾದರೆ ಏನು ಮಾಡುವುದು? ಹೊಸ ಟೈಮ್ ಟೇಬಲ್ ಹಾಕಬೇಡಿ, ಸದ್ಯಕ್ಕೆ. ಮೊದಲು ಒಂದು ಹಳೆಯ ಪ್ರಿಲಿಮ್ಸ್ ಪತ್ರಿಕೆಯನ್ನು ಗಡಿಯಾರ ಇಟ್ಟು ಎರಡು ಗಂಟೆಯಲ್ಲಿ ಬಿಡಿಸಿ. ಓದದೆ, ತಯಾರಾಗದೆ. ಆಮೇಲೆ ಅಂಕ ಕೂಡಿಸುವುದಕ್ಕಿಂತ ತಪ್ಪುಗಳನ್ನು ಬೇರೆ ಬೇರೆ ಮಾಡಿ. ಕೆಲವು ಪ್ರಶ್ನೆ ನೀವು ಓದಿಯೇ ಇರುವುದಿಲ್ಲ. ಕೆಲವು ಓದಿರುತ್ತೀರಿ, ಆ ಹೊತ್ತಿಗೆ ಹೊಳೆದಿರುವುದಿಲ್ಲ. ಕೆಲವಕ್ಕೆ ಉತ್ತರ ಗೊತ್ತಿದ್ದರೂ ‘ಸರಿಯಲ್ಲದ್ದು ಯಾವುದು’ ಅನ್ನುವುದನ್ನು ‘ಸರಿಯಾದದ್ದು’ ಅಂತ ಓದಿಕೊಂಡಿರುತ್ತೀರಿ. ಉಳಿದವು ಊಹೆ. ಪ್ರತಿ ಪ್ರಶ್ನೆಗೆ ಎರಡು ಅಂಕ, ತಪ್ಪಾದರೆ ಅದರ ಕಾಲು ಭಾಗ ಅಂದರೆ ಅರ್ಧ ಅಂಕ ಹೋಗುತ್ತದೆ. ಊಹೆಯಲ್ಲಿ ಎಷ್ಟು ಬಂತು, ಎಷ್ಟು ಹೋಯಿತು ಅಂತ ಬರೆದಿಡಿ. ನಾಲ್ಕು ಆಯ್ಕೆಯಲ್ಲಿ ಎರಡನ್ನು ಹೊಡೆದು ಹಾಕಿ ಊಹಿಸುವುದು ಬೇರೆ, ಕಣ್ಣು ಮುಚ್ಚಿ ಶೇಡ್ ಮಾಡುವುದು ಬೇರೆ. ನೀವು ಯಾವುದನ್ನು ಮಾಡುತ್ತಿದ್ದೀರಿ ಅಂತ ಬಹುಶಃ ನಿಮಗೇ ಗೊತ್ತಿಲ್ಲ.

ಈ ಒಂದು ಹಾಳೆ ನಿಮ್ಮ ಮುಂದಿನ ತಿಂಗಳನ್ನು ನಿರ್ಧರಿಸಲಿ. ‘ಓದಿದ್ದೆ, ಹೊಳೆಯಲಿಲ್ಲ’ ಅನ್ನುವುದು ಜಾಸ್ತಿ ಇದ್ದರೆ ಹೊಸ ಪುಸ್ತಕ ಮುಟ್ಟುವ ಅಗತ್ಯವೇ ಇಲ್ಲ, ಇರುವುದನ್ನು ಮುಚ್ಚಿಟ್ಟು ಕೇಳಿಕೊಳ್ಳುವುದು ಸಾಕು. ಇಂದು ಓದಿದ್ದನ್ನು ಮೂರ್ನಾಲ್ಕು ದಿನ ಬಿಟ್ಟು, ಮತ್ತೆ ಎರಡು ವಾರ ಬಿಟ್ಟು ಕೇಳಿಕೊಳ್ಳಿ. ಈ ಅಂತರದಲ್ಲಿ ಮಂತ್ರವೇನಿಲ್ಲ, ಸ್ವಲ್ಪ ಮರೆತಿರಬೇಕು, ಪೂರ್ತಿ ಮರೆತಿರಬಾರದು. ‘ಓದೇ ಇಲ್ಲ’ ಅನ್ನುವುದು ಒಂದೇ ವಿಷಯದಲ್ಲಿ ಗುಂಪಾಗಿದ್ದರೆ, ಬೆಳಗಿನ ತಾಜಾ ಗಂಟೆಗಳನ್ನು ಅದಕ್ಕೇ ಕೊಡಿ. ನನ್ನ ಊಹೆ ಮೆಂಟಲ್ ಎಬಿಲಿಟಿ, ಆದರೆ ಹಾಳೆ ಹೇಳಿದ್ದೇ ಸರಿ.

ದಿನಕ್ಕೆ ಎಷ್ಟು ಗಂಟೆ ಅಂತ ನೀವು ಕೇಳಿಯೇ ಕೇಳುತ್ತೀರಿ. ಪುಸ್ತಕ ಮುಚ್ಚಿ ಉತ್ತರ ತೆಗೆಯುವ ಓದು ದಣಿಸುತ್ತದೆ. ಆರೇಳು ಗಂಟೆ ಆಗುವಾಗ ಹೆಚ್ಚಿನವರು ಸುಸ್ತಾಗುತ್ತಾರೆ. ಅಷ್ಟಾದರೆ ಆ ದಿನ ಆಯಿತು. ಒಂದೇ ದಿನಪತ್ರಿಕೆ ಸಾಕು, ಮುಕ್ಕಾಲು ಗಂಟೆಯಲ್ಲಿ. ಟೆಲಿಗ್ರಾಂ ಗುಂಪುಗಳಲ್ಲಿ ಒಂದನ್ನು ಇಟ್ಟುಕೊಂಡು ಉಳಿದವನ್ನು ಬಿಟ್ಟು ಬನ್ನಿ. ಸಂಜೆ ಕರ್ನಾಟಕ ಕಾಲೇಜಿನ ಕಡೆ ಒಂದು ಸುತ್ತು ನಡೆದು ಬಂದರೆ ಯಾರೂ ನಿಮ್ಮ ಹಾಜರಿ ಕೇಳುವುದಿಲ್ಲ. ಮೊದಲ ವಾರ ವಿಪರೀತ ಅಪರಾಧಿ ಭಾವ ಕಾಡುತ್ತದೆ ಅಂತ ಈಗಲೇ ಹೇಳಿಬಿಡುತ್ತೇನೆ. ಅದು ಬಂತು ಅಂದ ಮಾತ್ರಕ್ಕೆ ವಿಧಾನ ತಪ್ಪು ಅಂತ ತಿಳಿಯಬೇಡಿ.

‘ಪಾಪ ಮಾಡಿದ ಹಾಗೆ’ ಅಂದಿರಲ್ಲ, ಅದರ ಬಗ್ಗೆ ಒಂದು ಮಾತು. ಎರಡು ವಾರಕ್ಕಿಂತ ಹೆಚ್ಚು ಕಾಲ ಮನಸ್ಸು ಕುಗ್ಗಿಯೇ ಇದ್ದರೆ, ಊಟ ನಿದ್ದೆ ತಪ್ಪಿದ್ದರೆ, ಬದುಕೇ ಬೇಡ ಅನ್ನಿಸಿದ್ದರೆ ಇದು ಟೈಮ್ ಟೇಬಲ್ ವಿಷಯವಾಗಿ ಉಳಿಯುವುದಿಲ್ಲ. ಧಾರವಾಡದಲ್ಲೇ ಡಿಮ್ಹಾನ್ಸ್ (ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ) ಇದೆ, ಹೊರರೋಗಿ ವಿಭಾಗಕ್ಕೆ ಹೋಗಿ ಬನ್ನಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿಗೂ ಕರೆ ಮಾಡಬಹುದು, ಕನ್ನಡದಲ್ಲಿ ಮಾತಾಡುತ್ತಾರೆ, ದುಡ್ಡು ಕೊಡಬೇಕಾಗಿಲ್ಲ.

ಈಗ ಕೆಲಸದ ಪ್ರಶ್ನೆ. ನಿಮ್ಮ ಮುಂದೆ ಮೂರು ದಾರಿ ನನಗೆ ಕಾಣುತ್ತವೆ, ಮೂರರಲ್ಲೂ ಅಪಾಯ ಇದೆ.

ಧಾರವಾಡದಲ್ಲೇ ಉಳಿದು ಓದುವ ರೀತಿ ಬದಲಿಸುವುದು ಒಂದು. ದಿನದ ಒಳ್ಳೆಯ ಹೊತ್ತೆಲ್ಲ ನಿಮ್ಮದೇ. ಆದರೆ ಸುತ್ತ ಎಲ್ಲರೂ 14 ಗಂಟೆ ಕೂರುವ ಜಾಗದಲ್ಲಿ ನೀವು ಏಳು ಗಂಟೆ ಓದಿ ಎದ್ದು ಹೋಗಬೇಕು, ಅದು ಹೇಳಿದಷ್ಟು ಸುಲಭವಲ್ಲ. ಖರ್ಚೂ ಇದೆ. ಈ ದಾರಿ ಹಿಡಿದರೆ ಒಂದು ಕೊನೆಯ ದಿನ ಗೊತ್ತು ಮಾಡಿಕೊಂಡು ಮನೆಯಲ್ಲೂ ಹೇಳಿಬಿಡಿ. ಗಡುವು ಇಲ್ಲದ ಓದಿನಲ್ಲಿ ವರ್ಷಗಳು ಹೇಗೆ ಹೋದವು ಅಂತ ತಿಳಿಯುವುದಿಲ್ಲ.

ಅತಿಥಿ ಶಿಕ್ಷಕಿಯಾಗುವುದು ಎರಡನೆಯದು. ‘ಟೈಮ್ ಇರಲ್ಲ’ ಅಂದಿದ್ದೀರಿ. ಶಾಲೆಯ ದಿನಗಳಲ್ಲಿ ಬೆಳಿಗ್ಗೆ ಎರಡು, ಸಂಜೆ ಒಂದೂವರೆ ಗಂಟೆ ಸಿಗಬಹುದು. ನೀವು ಈಗ ಮಾಡುತ್ತಿರುವ ರೀತಿಯಲ್ಲಿ ಆ ಮೂರೂವರೆ ಗಂಟೆ ಏನಕ್ಕೂ ಸಾಲದು. ಮುಚ್ಚಿಟ್ಟು ಕೇಳಿಕೊಳ್ಳುವ ರೀತಿಯಲ್ಲಾದರೆ ಅದು ಸಣ್ಣ ಹೊತ್ತಲ್ಲ. ಹೈಸ್ಕೂಲಿಗೆ ಸಮಾಜ ವಿಜ್ಞಾನ ಕಲಿಸುವುದು ನಿಮ್ಮ ಇತಿಹಾಸ, ಸಂವಿಧಾನಕ್ಕೆ ತಾನಾಗಿ ಅಭ್ಯಾಸವೂ ಆಗುತ್ತದೆ. ಅಪಾಯಗಳು ಇವು: ಕೆಲಸ ಆ ಶೈಕ್ಷಣಿಕ ವರ್ಷಕ್ಕೆ ಮಾತ್ರ, ಗೌರವಧನ ತಡವಾಗಿ ಕೈಗೆ ಬರುವುದುಂಟು, ಊರಿಗೆ ಹೋದ ಕೂಡಲೇ ಮನೆಗೆಲಸ, ಮದುವೆ ಮಾತು ಎರಡೂ ಮೈಮೇಲೆ ಬರಬಹುದು. ಹೆಣ್ಣುಮಕ್ಕಳಿಗೆ ಈ ಕೊನೆಯದು ಎಲ್ಲಕ್ಕಿಂತ ದೊಡ್ಡ ಅಪಾಯ ಅಂತ ನನ್ನ ಅನುಭವ. ಬೆಳಗಿನ ಎರಡು ಗಂಟೆ ನಿಮ್ಮದು ಅಂತ ಹೋಗುವ ಮೊದಲೇ ಅಪ್ಪ, ಅವ್ವ ಇಬ್ಬರ ಹತ್ತಿರವೂ ಮಾತಾಡಿಕೊಳ್ಳಿ.

ಮೂರನೆಯದನ್ನು ನೀವು ಬರೆದೇ ಇಲ್ಲ, ಅದು ನನಗೆ ಆಶ್ಚರ್ಯ. ನಿಮಗೆ ಬಿಎಡ್ ಇದೆ. ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಎರಡನೇ ಪತ್ರಿಕೆಯಲ್ಲಿ 150 ಅಂಕ, ಅದರಲ್ಲಿ 60 ನಿಮ್ಮ ಸಮಾಜ ವಿಜ್ಞಾನದ್ದೇ, ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಪ್ರಮಾಣಪತ್ರ ಈಗ ಜೀವನಪೂರ್ತಿ ಚಾಲ್ತಿಯಲ್ಲಿರುತ್ತದೆ. ಅಪಾಯ ಏನೆಂದರೆ, ಟಿಇಟಿ ಪಾಸಾದರೆ ಕೆಲಸ ಸಿಕ್ಕಂತಲ್ಲ, ನೇಮಕಾತಿಗೆ ಕಾಯಲೇಬೇಕು. ಕೆಎಎಸ್, ಎಫ್‌ಡಿಎ, ಪಿಡಿಒ, ಟಿಇಟಿ ಅಂತ ನಾಲ್ಕಕ್ಕೂ ಓಡಿದರೆ ಮತ್ತೆ ಈಗಿನ ಕಥೆಯೇ. ಮುಖ್ಯವಾಗಿ ಒಂದು, ಅದರ ಜೊತೆ ಹೆಚ್ಚು ಹೊಂದುವ ಇನ್ನೊಂದು, ಅಷ್ಟೇ ಇರಲಿ.

ಇವುಗಳಲ್ಲಿ ಯಾವುದು ಅಂತ ನಾನು ಹೇಳುವುದು ಸರಿಯಲ್ಲ. ಆದರೆ ಆಯ್ಕೆಗೆ ಒಂದು ಆಧಾರ ಸೂಚಿಸಬಲ್ಲೆ. ಈ ಭಾನುವಾರ ಒಂದು ಹಳೆಯ ಪತ್ರಿಕೆ ಬಿಡಿಸಿ ತಪ್ಪುಗಳ ಹಾಳೆ ಮಾಡಿ. ಎರಡು ವಾರ ದಿನಕ್ಕೆ ಮೂರೂವರೆ ಗಂಟೆ ಮಾತ್ರ, ಶಾಲೆಗೆ ಹೋಗುತ್ತಿದ್ದರೆ ಎಷ್ಟು ಸಿಗುತ್ತಿತ್ತೋ ಅಷ್ಟೇ, ಆ ಹಾಳೆ ಹೇಳಿದ ವಿಷಯವನ್ನು ಪುಸ್ತಕ ಮುಚ್ಚಿ ಅಭ್ಯಾಸ ಮಾಡಿ. ಆಮೇಲೆ ಇನ್ನೊಂದು ಪತ್ರಿಕೆ ಬಿಡಿಸಿ. ಒಂದೇ ಪತ್ರಿಕೆಯ ಏರಿಳಿತವನ್ನು ಪೂರ್ತಿ ನಂಬಲಾಗದು, ಅಂಕಕ್ಕಿಂತ ‘ಓದಿದ್ದೆ, ಹೊಳೆಯಲಿಲ್ಲ’ ಅನ್ನುವ ಸಾಲು ಕಡಿಮೆಯಾಯಿತಾ ನೋಡಿ. ಕಡಿಮೆಯಾಗಿದ್ದರೆ ಆ ಕೆಲಸ ಒಪ್ಪಿಕೊಂಡರೂ ಓದು ನಿಲ್ಲುವುದಿಲ್ಲ ಅಂತಾಯಿತು. ಆಗಿಲ್ಲದಿದ್ದರೆ ಎರಡೂ ಹಾಳೆಯನ್ನು ನನಗೆ ಕಳಿಸಿ, ಮುಖ್ಯೋಪಾಧ್ಯಾಯರಿಗೆ ಉತ್ತರ ಹೇಳುವ ಮೊದಲು ಒಟ್ಟಿಗೆ ನೋಡೋಣ.